2 ಇಂಚು ಲಿಫ್ಟ್, 1.42 ಲಕ್ಷ ಖರ್ಚು, ಈಗ ಯಾರೂ ಫೋನ್ ಎತ್ತುತ್ತಿಲ್ಲ

ಕಾಲೂರು ಕಾಫಿ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ತಲೆ ಕೆಟ್ಟು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತೆ.

ನನ್ನದು ಸೆಕೆಂಡ್ ಹ್ಯಾಂಡ್ ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್. ತೋಟ ಕೊಡಗಿನ ಕಾಲೂರು ಕಡೆ. 2018ರ ಮಳೆಯಲ್ಲಿ ಗುಡ್ಡ ಜಾರಿದ ಮೇಲೆ ನಮ್ಮ ಮನೆಗೆ ಹೋಗುವ ಕೊನೆಯ ಒಂದೂವರೆ ಕಿ.ಮೀ. ಸರಿಯಾಗಲೇ ಇಲ್ಲ. ಪ್ರತಿ ವರ್ಷ ಜಲ್ಲಿ ಹಾಕುತ್ತೇವೆ, ಪ್ರತಿ ಜುಲೈಯಲ್ಲಿ ಅದು ಕೆಳಗಿನ ಗದ್ದೆ ಸೇರುತ್ತೆ. ಗಾಡಿಯ ಅಡಿ ತಾಗಿ ತಾಗಿ ಸಾಕಾಗಿತ್ತು. ಹಾಗಾಗಿ ಮಳೆಗೆ ಮುಂಚೆ, ಮೇ ತಿಂಗಳಲ್ಲಿ, ಗಾಡಿಯನ್ನು 2 ಇಂಚು ಎತ್ತರಿಸುವ ಪೂರ್ತಿ ಲಿಫ್ಟ್ ಸೆಟ್ ತರಿಸಿದೆ. ಮುಂದೆ ಕಾಯಿಲ್ ಸ್ಪ್ರಿಂಗ್, ಶಾಕ್, ಚಕ್ರವನ್ನು ಮೇಲಿಂದ ಹಿಡಿಯುವ ಅಪ್ಪರ್ ಆರ್ಮ್. ಹಿಂದೆ ಲೀಫ್ ಸ್ಪ್ರಿಂಗ್, ಶಾಕ್, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್. ಹೊರಗಿನ ಕಂಪನಿಯ ಮಾಲು, ಬೆಂಗಳೂರಿನ ಮಾರಾಟಗಾರರ ವೆಬ್‌ಸೈಟ್‌ನಲ್ಲಿ ಆರ್ಡರ್ ಮಾಡಿದ್ದು. ಫಿಟ್ ಮಾಡಿಸಿದ್ದು ಇಲ್ಲೇ ಜಿಲ್ಲೆಯ ಒಂದು ಗ್ಯಾರೇಜಿನಲ್ಲಿ. ಎಲ್ಲ ಸೇರಿ 1,42,000 ರೂಪಾಯಿ. ಮನೆಯಲ್ಲಿ 90 ಸಾವಿರ ಅಂತ ಹೇಳಿದ್ದೇನೆ, ಅದು ಬೇರೆ ವಿಷಯ.

ಈಗ 2,800 ಕಿ.ಮೀ. ಆಗಿದೆ. ಮುಂದಿನ ಬಲಗಡೆ ಶಾಕ್‌ನಲ್ಲಿ ಆಯಿಲ್ ಇಳಿಯುತ್ತಿದೆ. ಅಪ್ಪರ್ ಆರ್ಮ್ ಕೀಲಿನ ರಬ್ಬರ್ ಬುಶ್ ಹರಿದಿದೆ, ಹಳ್ಳ ಇಳಿಸಿದರೆ ಹಳೇ ಮನೆ ಬಾಗಿಲು ತೆಗೆದ ಹಾಗೆ ಕಿರ್ರ್ ಅನ್ನುತ್ತೆ. ಗಾಡಿ ಬಲಕ್ಕೆ ವಾಲಿದೆ, ದೂರದಿಂದ ನೋಡಿದರೂ ಗೊತ್ತಾಗುತ್ತೆ. ಹಿಂದೆ ಖಾಲಿ ಇದ್ದರೆ ಮೊಲದ ಹಾಗೆ ಹಾರುತ್ತೆ. ಅಮ್ಮ ಈಗ ಈ ಗಾಡಿ ಹತ್ತುವುದೇ ಇಲ್ಲ.

ಮಾರಾಟಗಾರರಿಗೆ ಫೋಟೋ ಕಳಿಸಿದೆ. ಮೊದಲು ‘ನೋಡ್ತೀವಿ ಸರ್’ ಅಂದರು. ಆಮೇಲೆ ‘ಫಿಟ್ಟಿಂಗ್ ತಪ್ಪು’ ಅಂದರು. ಕೊನೆಗೆ ‘ಆಫ್-ರೋಡ್ ಓಡಿಸಿದ್ದೀರಿ, ವಾರಂಟಿ ಬರಲ್ಲ’ ಅಂದರು. ಸ್ವಾಮಿ, ಡಬ್ಬದ ಮೇಲೆ ಗಾಡಿ ಕೆಸರಲ್ಲಿ ಹೂತಿರುವ ಚಿತ್ರ ಹಾಕಿದ್ದು ಯಾರು? ಗ್ಯಾರೇಜಿನವರನ್ನು ಕೇಳಿದರೆ ‘ಮಾಲು ಡೂಪ್ಲಿಕೇಟ್ ಇರ್ಬೇಕು ಅಣ್ಣ’ ಅಂತಾರೆ. ಇಬ್ಬರ ನಡುವೆ ನಾನು ಫುಟ್‌ಬಾಲ್ ಆಗಿದ್ದೇನೆ. ಏನು ಮಾಡಲಿ?

ಹಳೇ 540

ನಮ್ಮ ಎಂಎಂ540 ಜೀಪು ಅದೇ ತರದ ರಸ್ತೆಯಲ್ಲಿ ಮೂವತ್ತು ವರ್ಷದಿಂದ ಓಡುತ್ತಿದೆ. ಲಿಫ್ಟ್ ಇಲ್ಲ, ಗಿಫ್ಟ್ ಇಲ್ಲ. ಆ 1.42 ಲಕ್ಷಕ್ಕೆ ಅರ್ಧ ರಸ್ತೆಗೆ ಕಾಂಕ್ರೀಟ್ ಬರುತ್ತಿತ್ತಲ್ಲ ಮಾರಾಯ.

ಕಾಲೂರು ಕಾಫಿ

ಅಂಕಲ್, ಆ ಕಾಂಕ್ರೀಟಿಗೂ ಕೊಟೇಶನ್ ತಗೊಂಡಿದ್ದೆ. ಅರ್ಧ ಅಲ್ಲ, ಗೇಟಿನವರೆಗೂ ಬರುತ್ತಿರಲಿಲ್ಲ.

ಗ್ರೀಸ್ ಕೈ

ನಾನು ಸುಂಟಿಕೊಪ್ಪದ ಹತ್ತಿರ ಗ್ಯಾರೇಜ್ ನಡೆಸುತ್ತೇನೆ. ನಿಮ್ಮ ಗಾಡಿ ಮಾಡಿದ್ದು ನಾನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನೀವು ನಾಲ್ಕು ತೊಂದರೆ ಹೇಳಿದಿರಿ. ಆದರೆ ನಾಲ್ಕನ್ನೂ ಒಂದೇ ಮೂಟೆಗೆ ಕಟ್ಟಿ ‘ಮಾಲು ಸರಿ ಇಲ್ಲ’ ಅಂತ ಕಳಿಸಿದ್ದೀರಿ. ಅದಕ್ಕೇ ಅವರು ಜಾರಿಕೊಳ್ಳುತ್ತಿದ್ದಾರೆ. ಒಂದರಲ್ಲಿ ನಿಮ್ಮ ತಪ್ಪು ಸಿಕ್ಕಿದರೆ ಸಾಕು, ಅದನ್ನೇ ಹಿಡಿದು ಉಳಿದ ಮೂರನ್ನೂ ತಳ್ಳಿಹಾಕುತ್ತಾರೆ. ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ವಾಲಿರುವುದು. ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ. ಪೆಟ್ರೋಲ್ ಬಂಕಿನ ಕಾಂಕ್ರೀಟ್ ಒಳ್ಳೆಯದು, ಮನೆ ಅಂಗಳ ಬೇಡ. ಚಕ್ರದ ನಡುಬಿಂದುವಿನಿಂದ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ, ನಾಲ್ಕೂ ಕಡೆ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ತಪ್ಪಿಸುತ್ತೆ.

ಆಮೇಲೆ ಶಾಕ್. ಅದನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಇಪ್ಪತ್ತು ಕಿ.ಮೀ. ಓಡಿಸಿ ಮತ್ತೆ ನೋಡಿ. ತೆಳ್ಳಗೆ ಎಣ್ಣೆ ಪಸೆ ಇದ್ದು ಧೂಳು ಅಂಟಿದ್ದರೆ ಅದು ಲೀಕ್ ಅಲ್ಲ, ಸೀಲ್ ಸ್ವಲ್ಪ ಬೆವರುವುದು ಸಹಜ. ಎಣ್ಣೆ ಗೆರೆ ಕಟ್ಟಿ ಕೆಳಗೆ ಹರಿದಿದ್ದರೆ ಲೀಕ್. ಎರಡರ ಫೋಟೋ ಹಾಕಿ.

ಬುಶ್ ವಿಷಯ. ಒಂದೇ ಪ್ರಶ್ನೆ. ಅಪ್ಪರ್ ಆರ್ಮ್ ಬೋಲ್ಟ್ ಕೊನೆಗೆ ಟೈಟ್ ಮಾಡುವಾಗ ಚಕ್ರ ನೆಲದ ಮೇಲಿತ್ತಾ, ಗಾಳಿಯಲ್ಲಿ ನೇತಾಡುತ್ತಿತ್ತಾ?

ಕಾಲೂರು ಕಾಫಿ

ಅದು ಹೇಗೆ ನೆನಪಿರುತ್ತೆ ಅಣ್ಣ. ಆದರೆ ಅವತ್ತು ಸ್ಟೇಟಸ್‌ಗೆ ಹಾಕೋಣ ಅಂತ ವಿಡಿಯೋ ಮಾಡಿದ್ದೆ. ಹುಡುಕುತ್ತೇನೆ.

ಸ್ಟಾಕ್ ಇದೆ

ನಾನು ಮೈಸೂರಿನಲ್ಲಿ ಇದೇ ವ್ಯಾಪಾರ ಮಾಡುವವನು. ಎಲ್ಲರೂ ಬೈಯುವ ಜಾತಿ ನಮ್ಮದು, ಆದರೂ ನಮ್ಮ ಕಡೆಯ ಮಾತು ಹೇಳುತ್ತೇನೆ.

ಮುಂದಿನ ಕಾಯಿಲ್, ಹಿಂದಿನ ಪ್ಲೇಟ್ (ಅದೇ ಲೀಫ್ ಸ್ಪ್ರಿಂಗ್) ಎರಡೂ ಗಾಡಿ ಹೊರುವ ಭಾರದ ಲೆಕ್ಕದಲ್ಲಿ ಬರುತ್ತವೆ. ಒಂದೇ ಗಾಡಿಗೆ, ಒಂದೇ 2 ಇಂಚಿಗೆ, ಮುಂದೆ ಎರಡು ಮೂರು ತರದ ಕಾಯಿಲ್ ಇರುತ್ತೆ. ಬಂಪರ್ ಕಂಪನಿಯದೇ ಇದ್ದರೆ ಒಂದು. ಕಬ್ಬಿಣದ ಬಂಪರ್ ಮತ್ತು ವಿಂಚ್ (ಹೂತ ಗಾಡಿ ಎಳೆಯುವ ಯಂತ್ರ) ಇದ್ದರೆ ಇನ್ನೊಂದು. ಹಿಂದಿನ ಪ್ಲೇಟ್ ಕೂಡ ಹಾಗೇ, ಖಾಲಿಗೆ ಒಂದು, ಯಾವಾಗಲೂ 300 ಕೆ.ಜಿ. ಇದ್ದರೆ ಇನ್ನೊಂದು. ಇಲ್ಲಿ ‘ಯಾವಾಗಲೂ’ ಅನ್ನುವ ಪದ ಮುಖ್ಯ.

ಗ್ರಾಹಕರು ಫೋನ್ ಮಾಡಿ ಹೇಳುವುದೇನು? ವಿಂಚ್ ಹಾಕ್ತೀನಿ, ರೂಫ್ ಟೆಂಟ್ ಹಾಕ್ತೀನಿ, ಹಿಂದೆ ಫುಲ್ ಲೋಡ್ ಇರುತ್ತೆ. ಗಾಡಿ ಮೇಲೆ ಇರೋದು ಮಾತ್ರ ಒಂದು ಸ್ಟಿಕ್ಕರ್. ಆರು ತಿಂಗಳಾದ ಮೇಲೆ ‘ಸ್ಪ್ರಿಂಗ್ ಕಲ್ಲಿನ ಹಾಗಿದೆ, ದುಡ್ಡು ವಾಪಸ್ ಕೊಡಿ’. ನಿಮ್ಮದು ಹಾಗೆ ಅಂತ ಹೇಳುತ್ತಿಲ್ಲ. ಆರ್ಡರ್ ಮಾಡಿದಾಗ ಏನು ಬರೆದಿದ್ದೀರಿ, ಒಮ್ಮೆ ತೆಗೆದು ನೋಡಿ. ಹೆಸರು ಮುಚ್ಚಿ ಇಲ್ಲಿ ಹಾಕಿದರೂ ಆಯಿತು.

ಆ ‘ಆಫ್-ರೋಡ್ ಓಡಿಸಿದ್ದೀರಿ’ ಅನ್ನುವ ಮಾತು ಮಾತ್ರ ನನಗೂ ಹಿಡಿಸಲಿಲ್ಲ. ರೇಸ್, ಸ್ಪರ್ಧೆಗೆ ವಾರಂಟಿ ಇಲ್ಲ ಅಂತ ಸಾಮಾನ್ಯವಾಗಿ ಇರುತ್ತೆ. ತೋಟದ ರಸ್ತೆ ರೇಸ್ ಅಲ್ಲ.

ಕಣದ ಹತ್ತಿರ

ನಾನು ಸೋಮವಾರಪೇಟೆ ಕಡೆಯವಳು. ಹೋದ ವರ್ಷ ನಮ್ಮ ಪಿಕಪ್‌ಗೆ ತರಿಸಿದ ಶಾಕ್ ಜೋಡಿಯಲ್ಲಿ ಒಂದು ಬೇರೆ ಉದ್ದದ್ದು ಬಂದಿತ್ತು. ಒಂದು ತಿಂಗಳು ಫೋನ್ ಮಾಡಿದೆ. ಪ್ರತಿ ಸಲ ಬೇರೆ ಹುಡುಗ, ಪ್ರತಿ ಸಲ ಮೊದಲಿಂದ ಕಥೆ. ಕೊನೆಗೆ ಫೋನ್ ಮಾಡುವುದನ್ನೇ ಬಿಟ್ಟೆ. ಒಂದೇ ಒಂದು ಇಮೇಲ್ ಬರೆದೆ. ಯಾವ ತಾರೀಖು ಆರ್ಡರ್, ಯಾವ ತಾರೀಖು ಬಂತು, ಡಬ್ಬದ ಮೇಲಿನ ನಂಬರ್, ಎರಡೂ ಶಾಕನ್ನು ಪಕ್ಕಪಕ್ಕ ಮಲಗಿಸಿ ನಡುವೆ ಟೇಪ್ ಇಟ್ಟ ಫೋಟೋ. ಕೊನೆಯಲ್ಲಿ ‘ಇಂಥ ದಿನದೊಳಗೆ ಉತ್ತರ ಬೇಕು’ ಅಂತ ಒಂದು ಸಾಲು. ಜೊತೆಗೆ 1915ಕ್ಕೆ ಫೋನ್ ಮಾಡಿ ದೂರು ದಾಖಲು ಮಾಡಿದೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಐದು ವಾರಕ್ಕೆ ಬೇರೆ ಶಾಕ್ ಬಂತು. ಕ್ಷಮೆ ಗಿಮೆ ಏನೂ ಕೇಳಲಿಲ್ಲ, ನನಗೆ ಅದು ಬೇಕಾಗಿಯೂ ಇರಲಿಲ್ಲ.

ಡಬ್ಬಗಳನ್ನು ಇಟ್ಟಿದ್ದೀರಾ? ಎಸೆದಿಲ್ಲ ಅಲ್ವಾ?

ಕಾಲೂರು ಕಾಫಿ

ಇಟ್ಟಿದ್ದೇನೆ ಮೇಡಂ. ಅಂದರೆ ಅಪ್ಪ ಅದರಲ್ಲಿ ಕಾಳುಮೆಣಸು ಬಳ್ಳಿ ಕಟ್ಟುವ ಹಗ್ಗ ತುಂಬಿಟ್ಟಿದ್ದಾರೆ. ಸ್ಟಿಕ್ಕರ್ ಹಾಗೇ ಇದೆ.

ಬಾಡಿಗೆ ಜೀಪು

ನಡುವೆ ಬಾಯಿ ಹಾಕುತ್ತಿದ್ದೇನೆ. ನಾವು ಮಾಂದಲಪಟ್ಟಿಗೆ ಟೂರಿಸ್ಟ್ ಕರೆದುಕೊಂಡು ಹೋಗುವವರು. ನಮ್ಮ ಬುಶ್, ಶಾಕ್ ಒಂದು ಸೀಸನ್ ನಿಂತರೆ ಪುಣ್ಯ. ಒಂದು ಸಲ ನಾಲ್ಕು ಶಾಕ್ ತಗೊಂಡೆ, ಎರಡು ತಿಂಗಳಲ್ಲಿ ಎರಡು ಹೋದವು. ಅಂಗಡಿಯವರು ‘ನಿಮ್ದು ಕಮರ್ಷಿಯಲ್, ಗ್ರಾಹಕರ ಕಾನೂನು ನಿಮಗಿಲ್ಲ’ ಅಂತ ಕಳಿಸಿಬಿಟ್ಟರು. ನಿಜವಾ? ಇಲ್ಲಿ ಯಾರಾದರೂ ವಕೀಲರು ಇದ್ದೀರಾ?

ಕರಿ ಕೋಟು

ಇದ್ದೇನೆ. ಮಡಿಕೇರಿಯಲ್ಲಿ ಪ್ರಾಕ್ಟೀಸ್. ಇದನ್ನು ಸಲಹೆ ಅಂತ ಅಲ್ಲ, ಮಾತುಕತೆ ಅಂತ ತಗೊಳ್ಳಿ.

ಮೊದಲು ಜೀಪಿನವರಿಗೆ. ಅದು ಅರ್ಧ ನಿಜ. ವ್ಯಾಪಾರದ ಉದ್ದೇಶಕ್ಕೆ ಕೊಂಡರೆ ‘ಗ್ರಾಹಕ’ ಅಲ್ಲ ಅಂತ ಕಾಯ್ದೆ ಹೇಳುತ್ತೆ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲಿಕ್ಕೆ ಮಾತ್ರ ಕೊಂಡಿದ್ದರೆ ಅದನ್ನು ವ್ಯಾಪಾರದ ಉದ್ದೇಶ ಅಂತ ಹಿಡಿಯುವುದಿಲ್ಲ ಅಂತ ಅದೇ ಕಲಮಿನ ವಿವರಣೆಯಲ್ಲಿದೆ. ನೀವೇ ಒಂದು ಜೀಪು ಓಡಿಸಿ ಬದುಕುತ್ತಿದ್ದರೆ ವಾದ ಮಾಡಲು ಜಾಗ ಇದೆ. ಹತ್ತು ಜೀಪು, ಹತ್ತು ಡ್ರೈವರ್ ಇಟ್ಟಿದ್ದರೆ ಕಷ್ಟ.

ಈಗ ಕಾಲೂರಿನವರಿಗೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019, ಜಾರಿಗೆ ಬಂದಿದ್ದು 2020ರ ಜುಲೈ 20ರಂದು. ಅದರಲ್ಲಿ ನಿಮಗೆ ಅನುಕೂಲ ಆಗುವುದು ಒಂದಿದೆ. ಮಾರಾಟಗಾರ ಬೆಂಗಳೂರಿನವರಾದರೂ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ, ಇದನ್ನು ಹೇಳಿ ನನ್ನ ಹೊಟ್ಟೆಗೆ ನಾನೇ ಹೊಡೆದುಕೊಳ್ಳುತ್ತಿದ್ದೇನೆ. ಎರಡು ವರ್ಷದ ಒಳಗೆ ಕೊಡಬೇಕು. ಆನ್‌ಲೈನಲ್ಲಿ ದೂರು ಕೊಡಲು ಇ-ಜಾಗೃತಿ ಅಂತ ಇದೆ.

ನೀವು ವೆಬ್‌ಸೈಟ್‌ನಲ್ಲಿ ಕೊಂಡಿದ್ದರಿಂದ 2020ರ ಇ-ಕಾಮರ್ಸ್ ನಿಯಮಗಳೂ ಅನ್ವಯವಾಗುತ್ತವೆ. ದೂರು ಬಂದಿದೆ ಅಂತ 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ವೆಬ್‌ಸೈಟ್‌ನಲ್ಲಿ ಕುಂದುಕೊರತೆ ಅಧಿಕಾರಿಯ ಹೆಸರು ಇರಲೇಬೇಕು. ಆ ವಿಳಾಸಕ್ಕೇ ಬರೆಯಿರಿ, ವಾಟ್ಸ್ಆ್ಯಪ್‌ನಲ್ಲಿ ಅಲ್ಲ.

ಇನ್ನೊಂದು ಬಹಳ ಮುಖ್ಯ. ಹಾಳಾದ ಭಾಗವನ್ನು ಬಿಚ್ಚಿ ಗುಜರಿಗೆ ಹಾಕಬೇಡಿ, ರಿಪೇರಿಯೂ ಮಾಡಿಸಬೇಡಿ. ದೋಷ ಇದೆಯೋ ಇಲ್ಲವೋ ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ ಅಂದರೆ ಆಯೋಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಮಾಲೇ ಇಲ್ಲದಿದ್ದರೆ ಏನು ಕಳಿಸುತ್ತಾರೆ? ಕಾಯ್ದೆಯ ಪ್ರಕಾರ ಮೂರು ತಿಂಗಳಲ್ಲಿ ತೀರ್ಮಾನ ಆಗಬೇಕು, ಪರೀಕ್ಷೆ ಬೇಕಿದ್ದರೆ ಐದು ತಿಂಗಳು. ಪುಸ್ತಕದಲ್ಲಿ ಹಾಗಿದೆ. ನೀವು ಒಂದೆರಡು ಕಾಫಿ ಕೊಯ್ಲು ಲೆಕ್ಕ ಇಟ್ಟುಕೊಳ್ಳಿ.

ದೂರಿನಲ್ಲಿ ಮಾರಾಟಗಾರ, ಗ್ಯಾರೇಜ್ ಇಬ್ಬರನ್ನೂ ಸೇರಿಸಬಹುದು. ಒಬ್ಬರದು ಮಾಲಿನ ದೋಷ, ಇನ್ನೊಬ್ಬರದು ಸೇವೆಯ ಕೊರತೆ. ಆಗ ಅವರವರೇ ಒಬ್ಬರ ಮೇಲೊಬ್ಬರು ಹಾಕಿಕೊಳ್ಳಲಿ.

ಗ್ರೀಸ್ ಕೈ

ವಕೀಲರೇ, ಲಿಫ್ಟ್ ಮಾಡಿದ್ದೇ ಕಾನೂನಿಗೆ ವಿರುದ್ಧ ಅಂತ ಅವರು ಹೇಳಿದರೆ? ಚೆಕ್‌ಪೋಸ್ಟಿನಲ್ಲಿ ನಮಗೆ ಅದೇ ತಲೆನೋವು.

ಕರಿ ಕೋಟು

ಹೇಳಿಯೇ ಹೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿ ಹೇಳಿದೆ. ಮೀರಿದರೆ 182ಎ ಕಲಮಿನಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದೇ 52ರ ವಿವರಣೆಯಲ್ಲಿ ‘ಬದಲಾವಣೆ’ ಅಂದರೆ ಗಾಡಿಯ ರಚನೆ ಬದಲಾಗಿ ಅದರ ಮೂಲ ಲಕ್ಷಣವೇ ಬದಲಾಗುವುದು ಅಂತಲೂ ಇದೆ. ಸ್ಪ್ರಿಂಗ್ ಬದಲಿಸಿದರೆ ಮೂಲ ಲಕ್ಷಣ ಬದಲಾಯಿತಾ ಅಂತ ಎರಡೂ ಕಡೆ ವಾದ ಮಾಡಬಹುದು. ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿದ್ದೀರಾ ಅಂತ ನಾನು ಕೇಳುವುದಿಲ್ಲ, ಉತ್ತರ ಗೊತ್ತು. ಇವತ್ತೇ ತಿಳಿಸಿ.

ಹಾಗಂತ ಹೆದರಿ ಸುಮ್ಮನಾಗಬೇಡಿ. ಆ ಮಾಲನ್ನು ಇದೇ ಗಾಡಿಗೆ ಅಂತ ಮಾರಿದವರು ಅವರೇ.

ಕಾಲೂರು ಕಾಫಿ

ಮೂರು ದಿನ ಆಯಿತು, ಮಳೆ ಬಿಡಲಿಲ್ಲ. ಇವತ್ತು ಎಲ್ಲ ಮಾಡಿದೆ. ಒಂದೊಂದಾಗಿ ಹೇಳುತ್ತೇನೆ.

ಅಳತೆ: ಮುಂದೆ ಬಲಗಡೆ ಎಡಕ್ಕಿಂತ 12 ಮಿ.ಮೀ. ಕಡಿಮೆ. ಹಿಂದೆ ಎರಡೂ ಸಮ.

ಶಾಕ್: ಒರೆಸಿ ಮಡಿಕೇರಿಗೆ ಹೋಗಿ ಬಂದೆ. ಬಲಗಡೆಯದು ಪಸೆ ಅಲ್ಲ, ಗೆರೆ ಕಟ್ಟಿ ಹರಿದಿದೆ. ಎಡದ್ದು ಒಣಗಿದೆ.

ವಿಡಿಯೋ ಸಿಕ್ಕಿತು. ಗಾಡಿ ಗ್ಯಾರೇಜಿನ ಎತ್ತುವ ಯಂತ್ರದ ಮೇಲಿದೆ, ಚಕ್ರಗಳೇ ಇಲ್ಲ, ಆರ್ಮ್ ಪೂರ್ತಿ ಕೆಳಗೆ ನೇತಾಡುತ್ತಿದೆ. ಹುಡುಗ ಏರ್ ಗನ್ ಹಿಡಿದು ಆರ್ಮ್ ಬೋಲ್ಟ್ ಮೇಲೆ ಕಟಕಟ ಅನ್ನಿಸುತ್ತಿದ್ದಾನೆ. ಹಿಂದೆ ನನ್ನ ದನಿ, ‘ಸೂಪರ್ ಗುರು’ ಅಂತ. ಈಗ ಕೇಳಿದರೆ ನಾಚಿಕೆಯಾಗುತ್ತೆ.

ಇನ್ನು ಆರ್ಡರ್ ಮಾಡಿದಾಗಿನ ಚಾಟ್. ಮೈಸೂರಿನ ಅಣ್ಣ ಹೇಳಿದ್ದು ಸರಿ. ‘ಹಿಂದೆ ಎಷ್ಟು ಭಾರ ಇರುತ್ತೆ’ ಅಂತ ಕೇಳಿದ್ದಾರೆ. ನಾನು ‘400 ಕೆ.ಜಿ., ಯಾವಾಗಲೂ’ ಅಂತ ಬರೆದಿದ್ದೇನೆ. ನಿಜ ಹೇಳಬೇಕೆಂದರೆ ಕಾಫಿ ಕೊಯ್ಲಿನ ಸಮಯದಲ್ಲಿ ಚೆರಿ ಮೂಟೆ ಎಂಟು ಹಾಕುತ್ತೇನೆ, 50 ಕೆ.ಜಿ. ಲೆಕ್ಕದಲ್ಲಿ 400 ಆಯಿತು. ಅದು ಡಿಸೆಂಬರಿಂದ ಮಾರ್ಚ್, ಅದೂ ದಿನಾ ಅಲ್ಲ. ಉಳಿದ ಕಾಲ ಹಿಂದೆ ಇರುವುದು ಒಂದು ಸ್ಟೆಪ್ನಿ, ನಾಯಿ.

ಹಳೇ 540

ನಾಯಿ ಎಷ್ಟು ಕೆ.ಜಿ.?

ಗ್ರೀಸ್ ಕೈ

ಈಗ ದಾರಿಗೆ ಬಂತು. ಬುಶ್ ಕಥೆ ಮುಗಿಯಿತು, ಅದು ಗ್ಯಾರೇಜಿನ ತಪ್ಪು. ಯಾಕೆ ಅಂತ ಹೇಳುತ್ತೇನೆ, ಬೇರೆಯವರಿಗೂ ಬೇಕಾಗುತ್ತೆ.

ರಬ್ಬರ್ ಬುಶ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತೆ. ನಡುವಿನ ಕಬ್ಬಿಣದ ಕೊಳವೆಯನ್ನು ಬೋಲ್ಟ್ ಬಿಗಿಯಾಗಿ ಹಿಡಿಯುತ್ತೆ, ಹೊರಗಿನ ಸುತ್ತು ಆರ್ಮ್ ಜೊತೆ ಹೋಗುತ್ತೆ, ಮಧ್ಯದ ರಬ್ಬರ್ ಎರಡಕ್ಕೂ ಅಂಟಿಕೊಂಡು ತಿರುಚುತ್ತೆ. ಬೋಲ್ಟ್ ಟೈಟ್ ಮಾಡಿದ ಜಾಗವೇ ಅದಕ್ಕೆ ನೆಮ್ಮದಿಯ ಜಾಗ. ಆರ್ಮ್ ನೇತಾಡುವಾಗ ಟೈಟ್ ಮಾಡಿದರೆ, ಗಾಡಿ ಸುಮ್ನೆ ನೆಲದ ಮೇಲೆ ನಿಂತಿದ್ದರೂ ಬುಶ್ ತಿರುಚಿಯೇ ಇರುತ್ತೆ. ಅದರ ಮೇಲೆ ಹಳ್ಳ ಇಳಿಸಿದರೆ ಇನ್ನೂ ತಿರುಚುತ್ತೆ, ಹರಿಯುತ್ತೆ. ಗಾಡಿಯ ಭಾರ ಚಕ್ರದ ಮೇಲೆ ಬಿಟ್ಟು, ಒಂದೆರಡು ಸಲ ಒತ್ತಿ ಬಿಟ್ಟು, ಆಮೇಲೆ ಟಾರ್ಕ್ ರೆಂಚಿನಲ್ಲಿ ಕೊನೆಯ ಟೈಟ್ ಮಾಡಬೇಕು. ಮಲಗಿ ಮಾಡಬೇಕು, ಬೆನ್ನು ನೋಯುತ್ತೆ, ಅದಕ್ಕೇ ತುಂಬಾ ಜನ ಮಾಡುವುದಿಲ್ಲ. ಪಾಲಿಯುರೇಥೇನ್ ಬುಶ್ ಬೇರೆ, ಅದು ತಿರುಗುತ್ತೆ, ಅದಕ್ಕೆ ಗ್ರೀಸ್ ಬೇಕು.

12 ಮಿ.ಮೀ. ಮಾತ್ರ ನನಗೆ ಒಗ್ಗುತ್ತಿಲ್ಲ. ಐದಾರು ಮಿ.ಮೀ. ಆದರೆ ಬಿಡಿ. ಕಾಯಿಲ್ ಮೇಲೆ ನಂಬರ್ ಇರುತ್ತೆ, ಟಾರ್ಚ್ ಹಿಡಿದು ಎರಡೂ ಕಡೆ ಓದಿ. ಕೆಸರು ಇದ್ದರೆ ಹಲ್ಲುಜ್ಜುವ ಬ್ರಷ್ ತಗೊಳ್ಳಿ.

ಕಾಲೂರು ಕಾಫಿ

ಕೆಸರಲ್ಲಿ ಅಂಗಾತ ಮಲಗಿ ಬಂದೆ. ಎಡಗಡೆ ನಂಬರಿನ ಕೊನೆ ಅಂಕಿ 7. ಬಲಗಡೆ 6. ಅಪ್ಪನ ಹಗ್ಗದ ಡಬ್ಬ ನೋಡಿದೆ, ಅದರ ಮೇಲೆ 6 ಅಂತ ಒಂದೇ ಸ್ಟಿಕ್ಕರ್. ಡಬ್ಬದಲ್ಲಿ ಎರಡು ಕಾಯಿಲ್ ಬಂದಿತ್ತು.

ಸ್ಟಾಕ್ ಇದೆ

ಒಂದು ನಿಮಿಷ, ಕುಣಿಯಬೇಡಿ. ಕೆಲವು ತಯಾರಕರು ಬೇಕಂತಲೇ ಎಡ ಬಲಕ್ಕೆ ಬೇರೆ ಕಾಯಿಲ್ ಕೊಡುತ್ತಾರೆ. ಡ್ರೈವರ್, ಇಂಧನ ಟ್ಯಾಂಕ್, ಬ್ಯಾಟರಿ ಇವುಗಳಿಂದ ಎರಡು ಕಡೆ ಭಾರ ಒಂದೇ ಇರುವುದಿಲ್ಲ. ಮೊದಲು ತಯಾರಕರ ಫಿಟ್‌ಮೆಂಟ್ ಚಾರ್ಟ್ ನೋಡಿ, ಯಾವ ಗಾಡಿಗೆ ಯಾವ ನಂಬರ್ ಅಂತ ಅದರಲ್ಲಿರುತ್ತೆ. ನಿಮ್ಮ ಗಾಡಿಯ ಸಾಲಿನಲ್ಲಿ ಎರಡು ನಂಬರ್ ಇದೆಯಾ, ಒಂದೇನಾ?

ಕಾಲೂರು ಕಾಫಿ

ನೋಡಿದೆ. ಒಂದೇ ನಂಬರ್. ಬಂಪರ್ ಕಂಪನಿಯದಾದರೆ ಎರಡೂ ಕಡೆ 6. ಕಬ್ಬಿಣದ ಬಂಪರ್ ಇದ್ದರೆ ಎರಡೂ ಕಡೆ 7. ನನ್ನದು ಕಂಪನಿ ಬಂಪರ್.

ಸ್ಟಾಕ್ ಇದೆ

ಹಾಗಾದರೆ ಎಡಗಡೆಯದು ತಪ್ಪು ಕಾಯಿಲ್. ಗಾಡಿ ಬಲಕ್ಕೆ ವಾಲಿಲ್ಲ, ಎಡಗಡೆ ಎದ್ದಿದೆ. ಗೋದಾಮಿನಲ್ಲಿ ಯಾರೋ ಡಬ್ಬ ತೆರೆದು ಒಂದನ್ನು ಬದಲಿಸಿದ್ದಾರೆ. ಒಬ್ಬ ವಾಪಸ್ ಮಾಡಿದ ಮಾಲು ಇನ್ನೊಬ್ಬರ ಡಬ್ಬಕ್ಕೆ ಹೋಗುವುದು ನಮ್ಮ ವ್ಯಾಪಾರದಲ್ಲಿ ಆಗುತ್ತೆ, ನನ್ನ ಅಂಗಡಿಯಲ್ಲೂ ಒಮ್ಮೆ ಆಗಿದೆ. ಇದು ಮಾರಾಟಗಾರರ ತಪ್ಪು, ಇದರಲ್ಲಿ ಎರಡು ಮಾತಿಲ್ಲ. ನೀವು ಈ ಒಂದನ್ನೇ ಹಿಡಿಯಿರಿ. ಹಿಂದಿನ ಪ್ಲೇಟ್ ಬಗ್ಗೆ ಅವರ ಹತ್ತಿರ ಬಾಯಿ ಬಿಡಬೇಡಿ, ನಿಮ್ಮ ‘ಯಾವಾಗಲೂ’ ಅವರ ಬಳಿ ಇದೆ.

ಕಣದ ಹತ್ತಿರ

ಬಾಯಿ ಬಿಡಬೇಡಿ ಅನ್ನುವುದಕ್ಕಿಂತ, ಅದು ನಿಮ್ಮ ದೂರೇ ಅಲ್ಲ ಅಂತ ಬಿಟ್ಟುಬಿಡಿ. ಮುಚ್ಚಿಟ್ಟರೆ ಮುಂದೆ ಅದೇ ಎದ್ದು ಬರುತ್ತೆ.

ಕಾಲೂರು ಕಾಫಿ

ಆಯಿತು ಮೇಡಂ. ಇಮೇಲ್ ಬರೆದೆ. ಕಾಯಿಲ್ ಒಂದೇ ವಿಷಯ. ಎರಡು ನಂಬರಿನ ಫೋಟೋ, ಡಬ್ಬದ ಫೋಟೋ, ಅವರದೇ ಚಾರ್ಟು, ಅಳತೆ. ಹನ್ನೊಂದು ಸಾಲು. ಮೊದಲಿನದು ನಾನು ಮೂರು ಪುಟ ಬೈದು ಬರೆದಿದ್ದೆ.

ಶಾಕ್ ಬಗ್ಗೆ ಏನು ಮಾಡಲಿ ಅಣ್ಣ?

ಗ್ರೀಸ್ ಕೈ

ಶನಿವಾರ ತನ್ನಿ, ನೋಡೋಣ. ಟೀ ನಿಮ್ಮದು.

ಹಳೇ 540

ಹಿಂದಿನ ಪ್ಲೇಟಿಗೆ ನಾನು ಹೇಳುತ್ತೇನೆ. ಬಿಟ್ಟಿ ಸಲಹೆ. ನಮ್ಮಪ್ಪನ ಕಾಲದಲ್ಲಿ ಜೀಪಿಗೆ ಕೊಯ್ಲಿಗೆ ಮುಂಚೆ ಒಂದು ಪ್ಲೇಟ್ ಸೇರಿಸುವುದು, ಮಳೆಗೆ ಮುಂಚೆ ತೆಗೆಯುವುದು. ಆ ಪ್ಲೇಟ್ ವರ್ಷಕ್ಕೆ ಎಂಟು ತಿಂಗಳು ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಇಟ್ಟಿರುತ್ತಿತ್ತು. ನಿಮ್ಮ ಸೆಟ್‌ನಲ್ಲಿ ಎಲ್ಲಕ್ಕಿಂತ ಕೆಳಗೆ ಒಂದು ದಪ್ಪ ಪ್ಲೇಟ್ ಇದೆಯಾ ನೋಡಿ.

ಸ್ಟಾಕ್ ಇದೆ

ಹಿರಿಯರು ಹೇಳಿದ್ದು ಸರಿ. ತುಂಬಾ ಸೆಟ್‌ನಲ್ಲಿ ಆ ಕೆಳಗಿನದು ಲೋಡ್ ಪ್ಲೇಟ್. ಅದನ್ನು ತೆಗೆಯಬಹುದು ಅಂತ ತಯಾರಕರ ಚೀಟಿಯಲ್ಲಿ ಇದ್ದರೆ ಮಾತ್ರ ತೆಗೆಯಿರಿ. ತೆಗೆದರೆ ಪ್ಲೇಟುಗಳನ್ನು ನಡುವೆ ಸೇರಿಸುವ ಸೆಂಟರ್ ಬೋಲ್ಟ್ ಸಣ್ಣದು ಹಾಕಬೇಕಾಗಬಹುದು. ಯು-ಬೋಲ್ಟ್ ಹೊಸದೇ ಹಾಕಿ. ಒಮ್ಮೆ ಎಳೆದು ಟೈಟ್ ಮಾಡಿದ್ದನ್ನು ಬಿಚ್ಚಿ ಮತ್ತೆ ಹಾಕಿದರೆ ಅದು ಮೊದಲಿನ ಹಿಡಿತ ಕೊಡುವುದಿಲ್ಲ.

ಮತ್ತೊಂದು, ಎಲ್ಲರಿಗೂ. ದಪ್ಪ ಪ್ಲೇಟ್ ಹಾಕಿದ ತಕ್ಷಣ ಗಾಡಿಯ ಭಾರದ ಮಿತಿ ಏರುವುದಿಲ್ಲ. ಆರ್‌ಸಿಯಲ್ಲಿ ಇರುವ ಒಟ್ಟು ತೂಕವೇ ಮಿತಿ. ಆಕ್ಸಲ್, ಬ್ರೇಕ್, ಚಾಸಿ ಎಲ್ಲ ಹಳೆಯದೇ ಅಲ್ವಾ. ಎಂಟು ಮೂಟೆ ಹಾಕುವ ಮುಂಚೆ ಒಮ್ಮೆ ಗಾಡಿ ತೂಗುವ ವೇಬ್ರಿಡ್ಜ್ ಹತ್ತಿಸಿ.

ಬಾಡಿಗೆ ಜೀಪು

ಕುಶಾಲನಗರದಲ್ಲಿ ಕೂಡ್ಲೂರು ಕಡೆ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳ ಹತ್ತಿರ ಕೇಳಿ, ವೇಬ್ರಿಡ್ಜ್ ಸಿಗುತ್ತೆ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಸಲ, ಪೂರ್ತಿ ಹತ್ತಿಸಿ ಒಂದು ಸಲ. ಹಿಂದಿನ ಭಾರ ಎಷ್ಟು ಅಂತ ಕಳೆದು ನೋಡಬಹುದು.

ಕಾಲೂರು ಕಾಫಿ

ಶನಿವಾರದ ವರದಿ. ಗ್ರೀಸ್ ಕೈ ಅಣ್ಣನ ಗ್ಯಾರೇಜಿನಲ್ಲಿ ಬಲಗಡೆ ಶಾಕ್ ಬಿಚ್ಚಿದೆವು. ಧೂಳು ತಡೆಯುವ ರಬ್ಬರ್ ಮೇಲೆ ಸರಿಸಿದರೆ ಕನ್ನಡಿಯ ಹಾಗಿರುವ ರಾಡ್ ಮೇಲೆ ನಾಲ್ಕು ಸಣ್ಣ ಕಚ್ಚು. ಒಂದೇ ಸಾಲಿನಲ್ಲಿ, ಒಂದೇ ಅಂತರ. ಅಣ್ಣ ಏನೂ ಮಾತಾಡಲಿಲ್ಲ. ಗೋಡೆಯಿಂದ ಗ್ರಿಪ್ ಪ್ಲೈಯರ್ ತಂದು ಅದರ ಹಲ್ಲನ್ನು ಪಕ್ಕದಲ್ಲಿ ಹಿಡಿದರು. ಸರಿಯಾಗಿ ಕೂತಿತು.

ಮೇಲಿನ ನಟ್ ಟೈಟ್ ಮಾಡುವಾಗ ರಾಡೂ ಜೊತೆಗೆ ತಿರುಗುತ್ತಂತೆ. ಅದನ್ನು ತುದಿಯಲ್ಲಿ ಸಣ್ಣ ಸ್ಪ್ಯಾನರಿನಲ್ಲಿ ಹಿಡಿಯಬೇಕು. ಅದು ಸಿಗದಿದ್ದರೆ ಕೆಲವರು ರಾಡನ್ನೇ ಪ್ಲೈಯರಿನಲ್ಲಿ ಹಿಡಿಯುತ್ತಾರೆ. ಆಮೇಲೆ ಆ ಕಚ್ಚು ಪ್ರತಿ ಸಲ ಒಳಗೆ ಹೋಗಿ ಬರುವಾಗ ಸೀಲನ್ನು ಕೊಯ್ಯುತ್ತಾ ಇರುತ್ತೆ.

ಫೋಟೋ ತಗೊಂಡು ಮೊದಲಿನ ಗ್ಯಾರೇಜಿಗೆ ಹೋದೆ. ಮಾಲೀಕರು ‘ನಮ್ಮಲ್ಲಿ ಹಂಗೆಲ್ಲ ಮಾಡಲ್ಲ’ ಅಂದರು. ಪಕ್ಕದಲ್ಲಿ ಆ ಹುಡುಗ ನಿಂತಿದ್ದ. ‘ಅಣ್ಣಾ, ಅವತ್ತು ನಟ್ ತಿರುಗ್ತಾನೇ ಇತ್ತು’ ಅಂದ, ಮೆಲ್ಲಗೆ. ಮಾಲೀಕರು ಅವನನ್ನು ನೋಡಿದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನನಗೆ ಆ ಹುಡುಗನ ಬಗ್ಗೆಯೇ ಬೇಜಾರಾಯಿತು.

ಕರಿ ಕೋಟು

ಏನು ಒಪ್ಪಿಕೊಂಡರೂ ಒಂದು ಕಾಗದದಲ್ಲಿ ಬರೆಸಿಕೊಳ್ಳಿ. ಹುಡುಗನನ್ನು ಸಾಕ್ಷಿ ಮಾಡಬೇಡಿ, ವಿಡಿಯೋ ಮತ್ತು ರಾಡ್ ಸಾಕು.

ಕಾಲೂರು ಕಾಫಿ

ಬರೆಸಿಕೊಂಡೆ ಸರ್. ಬುಶ್ ನಾಲ್ಕೂ ಅವರ ಖರ್ಚು. ಶಾಕ್‌ಗೆ ಅರ್ಧ ಅವರದು, ಅರ್ಧ ನನ್ನದು. ಪೂರ್ತಿ ಕೊಡಿಸಬಹುದಿತ್ತು ಅಂತ ನೀವು ಬೈಯಬಹುದು. ದಿನಾ ಅದೇ ರಸ್ತೆಯಲ್ಲಿ ಮುಖ ನೋಡಬೇಕು, ಹುಡುಗನ ಸಂಬಳದಲ್ಲಿ ಕಡಿಯುವುದು ಬೇಡ ಅಂತಲೂ ಹೇಳಿ ಬಂದೆ. ಫಿಟ್ ಮಾಡುವ ಕೆಲಸ ಮಾತ್ರ ಗ್ರೀಸ್ ಕೈ ಅಣ್ಣನ ಹತ್ತಿರವೇ.

ಮಾರಾಟಗಾರರಿಂದ ಆರನೇ ದಿನ ಉತ್ತರ ಬಂತು. ಆಫ್-ರೋಡ್ ಮಾತೇ ಇಲ್ಲ. ‘ಪ್ಯಾಕಿಂಗ್‌ನಲ್ಲಿ ವ್ಯತ್ಯಾಸ ಆಗಿದೆ’ ಅಂತ ಒಪ್ಪಿಕೊಂಡಿದ್ದಾರೆ. 6ರ ಕಾಯಿಲ್ ಕಳಿಸುತ್ತಾರಂತೆ, 7ರದ್ದು ನಾನು ವಾಪಸ್ ಕಳಿಸಬೇಕು, ಕೊರಿಯರ್ ಅವರದು. ಬಿಚ್ಚಿ ಹಾಕುವ ಕೂಲಿ, ಮತ್ತೆ ಅಲೈನ್‌ಮೆಂಟ್ ಖರ್ಚು ಕೇಳಿದ್ದೆ, ಅದಕ್ಕೆ ಉತ್ತರ ಇಲ್ಲ. ಅದನ್ನು ಕೇಳಿ ಎರಡನೇ ಇಮೇಲ್ ಹಾಕಿದ್ದೇನೆ, ಇದು ಏಳೇ ಸಾಲು.

ಸ್ಟಾಕ್ ಇದೆ

ಅಲೈನ್‌ಮೆಂಟ್ ಬಿಲ್ ಇಟ್ಟುಕೊಳ್ಳಿ. ಕಾಯಿಲ್ ಬದಲಾದ ಮೇಲೆ ಮತ್ತೆ ಮಾಡಿಸಲೇಬೇಕು, ಇಲ್ಲದಿದ್ದರೆ ಟೈರ್ ಒಳಗಡೆ ತಿನ್ನುತ್ತೆ. ಹೆಡ್‌ಲೈಟ್ ಕೂಡ ಇಳಿಸಿಕೊಳ್ಳಿ. ಲಿಫ್ಟ್ ಮಾಡಿಸಿದವರ ಲೈಟ್ ಸಂಪಾಜೆ ಘಾಟಿಯಲ್ಲಿ ಎದುರು ಬಂದರೆ ದೇವರೇ ಗತಿ.

ಬಾಡಿಗೆ ಜೀಪು

ನಾನೂ ನನ್ನ ಹಳೇ ಶಾಕ್ ಎರಡನ್ನು ಹುಡುಕಿ ತೆಗೆದೆ. ಗುಜರಿಗೆ ಹಾಕಿರಲಿಲ್ಲ, ಅದೃಷ್ಟ. ರಬ್ಬರ್ ಸರಿಸಿ ನೋಡಿದೆ. ರಾಡ್ ಮೇಲೆ ಕಚ್ಚು ಇಲ್ಲ, ನುಣ್ಣಗಿದೆ. ಬಿಲ್‌ಗೆ ಇನ್ನೂ ಒಂದೂವರೆ ವರ್ಷ ಆಗಿಲ್ಲ. ವಕೀಲರೇ, ನಿಮಗೆ ಮೆಸೇಜ್ ಹಾಕಿದ್ದೇನೆ.

ಕಾಲೂರು ಕಾಫಿ

ಕಾಯಿಲ್ ಬಂತು, ಹಾಕಿಸಿದೆ. ಅಣ್ಣ ಗಾಡಿಯನ್ನು ನೆಲಕ್ಕಿಳಿಸಿ, ಅದರ ಕೆಳಗೆ ಮಲಗಿ ಬೋಲ್ಟ್ ಟೈಟ್ ಮಾಡಿದರು, ನಾನು ಟಾರ್ಚ್ ಹಿಡಿದೆ. ಈಗ ಮುಂದೆ ಎರಡು ಕಡೆಗೂ 3 ಮಿ.ಮೀ. ವ್ಯತ್ಯಾಸ. ಹಿಂದಿನ ಲೋಡ್ ಪ್ಲೇಟ್ ತೆಗೆದಿದೆ, ಚೀಟಿಯಲ್ಲಿ ತೆಗೆಯಬಹುದು ಅಂತ ಇತ್ತು. ಅಪ್ಪ ಅದನ್ನು ಆಗಲೇ ಕೊಟ್ಟಿಗೆ ಬಾಗಿಲಿಗೆ ಅಡ್ಡ ಇಟ್ಟಿದ್ದಾರೆ, ನಾನು ಈ ಕಥೆ ಅವರಿಗೆ ಹೇಳಿಯೇ ಇರಲಿಲ್ಲ. ನಿನ್ನೆ ಅಮ್ಮ ಮುಂದಿನ ಸೀಟಿನಲ್ಲಿ ಕೂತು ಮಡಿಕೇರಿ ಸಂತೆಗೆ ಬಂದರು.

ಗ್ರೀಸ್ ಕೈ

ಯು-ಬೋಲ್ಟ್ ಹೊಸದು, ಮರೆಯಬೇಡಿ. 500 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಟೈಟ್ ಮಾಡಬೇಕು.

ಕಾಲೂರು ಕಾಫಿ

ಈಗ 430 ಆಗಿದೆ ಅಣ್ಣ. ಶುಕ್ರವಾರ ಬರುತ್ತೇನೆ.